ಕಾರಂಜಿಗೆ ದುಡ್ಡಿದೆ, ಮೋರಿಗೆ ಇಲ್ಲ

ಕೊಡಗಿನಲ್ಲಿ ಮಹಾನಗರ ಪಾಲಿಕೆ ಇಲ್ಲದ ಕಾರಣ ಮೇಯರ್ ಎಂಬ ಹುದ್ದೆಯೂ ಇಲ್ಲಿಲ್ಲ. ಇರುವುದು ಪಟ್ಟಣಗಳ ಸ್ಥಳೀಯ ಸಂಸ್ಥೆಗಳು, ಅವುಗಳಿಗೆ ಒಬ್ಬೊಬ್ಬ ಅಧ್ಯಕ್ಷರು. ಆದರೆ ನಮ್ಮ ಪಟ್ಟಣದ ಅಧ್ಯಕ್ಷರ ಓಡಾಟ, ಹಿಂದೆ ಮುಂದೆ ಸುಳಿಯುವ ಬೆಂಬಲಿಗರ ದಂಡು, ಹಬ್ಬಕ್ಕೊಂದರಂತೆ ತಲೆಯೆತ್ತುವ ಫ್ಲೆಕ್ಸುಗಳನ್ನು ನೋಡಿದರೆ ಯಾವ ದೊಡ್ಡ ನಗರದ ಮೇಯರ್‌ಗೂ ಅವರು ಕಡಿಮೆಯಿಲ್ಲ. ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ಅವರ ಆದ್ಯತೆಗಳ ಬಗ್ಗೆ: ವರ್ಷಕ್ಕೆ ನಾಲ್ಕು ತಿಂಗಳು ಆಕಾಶವೇ ಬಿಡದೆ ನೀರು ಸುರಿಸುವ ಊರಿನಲ್ಲಿ ಅವರ ಅವಧಿಯ ಮೊದಲ ದೊಡ್ಡ ಕಾಮಗಾರಿ ಕಾರಂಜಿ.

ಅದರ ಹಿಂದೆಯೇ ಬಂದದ್ದು ಸೆಲ್ಫಿ ಪಾಯಿಂಟ್. ಊರಿನ ಹೆಸರನ್ನು ಆಳೆತ್ತರದ ಅಕ್ಷರಗಳಲ್ಲಿ ನಿಲ್ಲಿಸಿ, ಪಕ್ಕದಲ್ಲಿ ಕೆಂಪು ಹೃದಯವೊಂದನ್ನು ಜೋಡಿಸಿ, ಸುತ್ತ ಬಣ್ಣದ ದೀಪಗಳನ್ನು ಸುತ್ತಿದ್ದಾರೆ. ಶನಿವಾರ ಬಂತೆಂದರೆ ಅದರ ಮುಂದೆ ಪ್ರವಾಸಿಗರ ಕಾರುಗಳು ಎರಡು ಸಾಲಾಗಿ ನಿಲ್ಲುತ್ತವೆ, ಬಸ್ಸು ತಿರುಗಲು ಜಾಗವಿಲ್ಲದೆ ಹಾರ್ನ್ ಹೊಡೆಯುತ್ತಾ ನಿಲ್ಲುತ್ತದೆ, ಸಂತೆ ಮುಗಿಸಿ ಮನೆಗೆ ಹೊರಟ ತೋಟದ ಕೆಲಸದವರು ಕೈಚೀಲ ಹಿಡಿದುಕೊಂಡು ವಾಹನಗಳ ಸಂದಿಯಲ್ಲಿ ನುಸುಳಬೇಕಾಗುತ್ತದೆ. ಈ ಎರಡನ್ನೂ ಉದ್ಘಾಟಿಸಿದ ದಿನ ವೇದಿಕೆ, ಹಾರ, ಶಾಲು, ಭಾಷಣ ಎಲ್ಲವೂ ಇದ್ದವು. ಚರಂಡಿಯ ಹೂಳೆತ್ತಿದ್ದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲವಲ್ಲ, ಇಡೀ ರೋಗದ ಮೂಲ ಅಲ್ಲೇ ಇದೆ ಎಂಬುದು ನನ್ನ ಅನುಮಾನ.

ಆ ಕಾರಂಜಿಯಿಂದ ಕೂಗಳತೆಯ ದೂರದಲ್ಲಿ ಇಳಿಜಾರಿನ ಪೇಟೆ ರಸ್ತೆ ಶುರುವಾಗುತ್ತದೆ. ಚರಂಡಿಯ ಮೇಲೆ ಕಾಂಕ್ರೀಟ್ ಚಪ್ಪಡಿ ಹಾಸಿ ಅದನ್ನೇ ಫುಟ್‌ಪಾತ್ ಎಂದು ಕರೆದಿದ್ದಾರೆ. ಒಂದು ಕಡೆ ಚಪ್ಪಡಿ ಮುರಿದು ಎಷ್ಟೋ ಕಾಲವಾಯಿತು. ಆ ಕಿಂಡಿಯಲ್ಲಿ ಒಮ್ಮೆ ಬಗ್ಗಿ ನೋಡಿ. ಅಡ್ಡಡ್ಡಲಾಗಿ ಹಾದುಹೋದ ನೀರಿನ ಪೈಪುಗಳು, ಅವುಗಳ ಮೇಲೆ ಜೋತುಬಿದ್ದ ಕೇಬಲ್ಲಿನ ಕಟ್ಟು, ಅದಕ್ಕೆ ಸಿಕ್ಕಿಕೊಂಡ ಖಾಲಿ ಬಾಟಲಿಗಳು, ಚಿಪ್ಸ್ ಪೊಟ್ಟಣಗಳು, ಯಾರೋ ಎಸೆದ ಹರಿದ ಮಳೆಯಂಗಿ, ಇವೆಲ್ಲದರ ಬೆನ್ನಿಗೆ ಮೇಲಿನ ಹೊಸ ಕಟ್ಟಡಗಳ ಅಗೆತದಿಂದ ಇಳಿದು ಬಂದು ಗಟ್ಟಿಯಾದ ಕೆಂಪು ಮಣ್ಣು. ಮೂರಡಿ ಆಳದ ಚರಂಡಿಯಲ್ಲಿ ನೀರು ಹರಿಯಲು ಉಳಿದಿರುವುದು ಒಂದು ಗೇಣು ಜಾಗ. ಕೊಳಚೆಯ ನಡುವೆ ಹಾದುಹೋಗಿರುವ ಆ ಪೈಪುಗಳಲ್ಲಿ ನಮ್ಮ ಮನೆಗಳಿಗೆ ಕುಡಿಯುವ ನೀರು ಬರುತ್ತದೆ. ಇಲ್ಲಿ ನೀರು ಬಿಡುವುದು ಸರದಿಯ ಮೇಲೆ. ಸರದಿ ಮುಗಿದು ಪೈಪು ಖಾಲಿಯಾಗುವಾಗ ಒಳಗಿನ ಒತ್ತಡ ಇಳಿದು, ಜಾಯಿಂಟ್ ಸಡಿಲವಾಗಿರುವ ಕಡೆ ಹೊರಗಿನ ಗಲೀಜನ್ನು ಪೈಪೇ ಒಳಗೆ ಎಳೆದುಕೊಳ್ಳುತ್ತದೆ. ಇದು ಸ್ಥಳೀಯ ಸಂಸ್ಥೆಯ ಎಂಜಿನಿಯರ್‌ಗೆ ತಿಳಿಯದ ವಿದ್ಯೆಯೇನಲ್ಲ.

ಕಳೆದ ಮಳೆಗಾಲದಲ್ಲಿ ಈ ಚರಂಡಿ ಉಕ್ಕಿ ರಸ್ತೆಯ ಕೆಳಭಾಗದ ಅಂಗಡಿಗಳಿಗೆ ನೀರು ನುಗ್ಗಿತು. ದಿನಸಿ ಅಂಗಡಿಯವರ ತಳದ ಸಾಲಿನ ಅಕ್ಕಿ ಮೂಟೆಗಳು ನೆನೆದು ಹೋದವು. ಮಾರನೆಯ ದಿನ ಅಧ್ಯಕ್ಷರು ಬಂದರು. ಒಬ್ಬರು ಕೊಡೆ ಹಿಡಿದಿದ್ದರು, ಇನ್ನೊಬ್ಬರು ಮೊಬೈಲ್ ಹಿಡಿದಿದ್ದರು. "ವರ್ಷಾ ವರ್ಷ ಇದೇ ಕತೆ ಸಾರ್, ಮಳೆಗೆ ಮುಂಚೆ ಒಂದು ಸಲ ಮೋರಿ ಬಿಡಿಸಿ ಅಂತ ಎಷ್ಟು ಕೇಳಿಕೊಳ್ಳೋದು?" ಎಂದು ಅಂಗಡಿಯವರು ಅಂದದ್ದಕ್ಕೆ ಅವರು ಕೊಟ್ಟ ಉತ್ತರವನ್ನು ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ: "ಪ್ರಕೃತಿ ವಿಕೋಪಕ್ಕೆ ನಾವೇನು ಮಾಡೋಕಾಗುತ್ತೆ ಅಣ್ಣ?"

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡವೇ ಜರಿದು ಮನೆ, ತೋಟ, ಗದ್ದೆ ಮಣ್ಣುಪಾಲಾದದ್ದನ್ನು ಕಂಡ ಜಿಲ್ಲೆ ಇದು. 2019ರಲ್ಲಿ ತೋರ ಗ್ರಾಮ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ, ಅಲ್ಲೂ ಇದೇ ಕತೆ. ಅಂಥದ್ದನ್ನೆಲ್ಲ ಅನುಭವಿಸಿದವರ ನಡುವೆ ನಿಂತುಕೊಂಡು, ಹೂಳೆತ್ತದೆ ಬಿಟ್ಟ ಪೇಟೆ ಚರಂಡಿಯ ಹೊಣೆಯನ್ನು ಪ್ರಕೃತಿಯ ತಲೆಗೆ ಕಟ್ಟುವುದಕ್ಕೆ ನಾಲಿಗೆ ಹೇಗೆ ಹೊರಳಿತೋ ನನಗೆ ಅರ್ಥವಾಗಿಲ್ಲ.

ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಅಧ್ಯಕ್ಷರು ಸ್ವಂತ ಬುದ್ಧಿಯಿಂದ ನಿರ್ಧರಿಸಬೇಕಾದ ಕಷ್ಟವೂ ಇಲ್ಲ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯೇ ಸ್ಥಳೀಯ ಸಂಸ್ಥೆಯ ಕೆಲಸಗಳನ್ನು ಕಡ್ಡಾಯ ಕರ್ತವ್ಯ, ವಿವೇಚನೆಗೆ ಬಿಟ್ಟ ಕರ್ತವ್ಯ ಎಂದು ಎರಡು ಭಾಗ ಮಾಡಿದೆ. ಬೀದಿ ದೀಪ, ಬೀದಿಗಳ ಸ್ವಚ್ಛತೆ, ಚರಂಡಿ ಕಡ್ಡಾಯದ ಪಟ್ಟಿಯಲ್ಲಿ ಬರುತ್ತವೆ. ಉದ್ಯಾನದಂಥವು ಎರಡನೆಯ ಪಟ್ಟಿಯಲ್ಲಿ. ನಮ್ಮ ಊರಿನಲ್ಲಿ ಈ ಪಟ್ಟಿಗಳನ್ನು ಅದಲು ಬದಲು ಮಾಡಿ ಓದಿದಂತಿದೆ.

ಇನ್ನು ಕೆಲಸದ ಕಾಲಮಾನದ ಮಾತು. ಕೊಡಗಿನಲ್ಲಿ ಮಳೆ ಯಾವಾಗ ಹಿಡಿಯುತ್ತದೆ ಎಂಬುದಕ್ಕೆ ಪಂಚಾಂಗ ನೋಡಬೇಕಾಗಿಲ್ಲ. ಜೂನ್‌ನಲ್ಲಿ ಶುರುವಾಗಿ ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳಿಗೆ ಅದು ತಾರಕಕ್ಕೇರುತ್ತದೆ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಚರಂಡಿ ಕೆಲಸ ಮುಗಿಯಬೇಕಾದದ್ದು ಏಪ್ರಿಲ್, ಮೇ ತಿಂಗಳಲ್ಲಿ. ಆದರೆ ಆ ಹೊತ್ತಿಗೆ ಕ್ರಿಯಾ ಯೋಜನೆಗೆ ಅನುಮೋದನೆ ಸಿಕ್ಕಿರುವುದಿಲ್ಲ, ಸಿಕ್ಕರೆ ಟೆಂಡರ್ ಕರೆದಿರುವುದಿಲ್ಲ, ಕರೆದರೆ ಗುತ್ತಿಗೆದಾರ ಬಂದಿರುವುದಿಲ್ಲ. ಕಡೆಗೆ ಮಳೆ ಹಿಡಿದ ಮೇಲೆ ಜೆಸಿಬಿ ಬರುತ್ತದೆ, ಎತ್ತಿದ ಹೂಳನ್ನು ರಸ್ತೆಯ ಅಂಚಿನಲ್ಲೇ ಗುಡ್ಡೆ ಹಾಕಿ ಹೋಗುತ್ತದೆ, ಎರಡು ಜೋರು ಮಳೆಗೆ ಅದಷ್ಟೂ ಮರಳಿ ಚರಂಡಿ ಸೇರುತ್ತದೆ. ಬಿಲ್ ಮಾತ್ರ ಸರಿಯಾದ ಸಮಯಕ್ಕೆ ಪಾಸಾಗುತ್ತದೆ. ರಸ್ತೆಯದ್ದು ಇದರ ತಿರುವುಮುರುವು: ಮಾರ್ಚ್ ಮುಗಿಯುವುದರೊಳಗೆ ಅನುದಾನ ಖರ್ಚಾಗಬೇಕೆಂದು ಅವಸರದಲ್ಲಿ ಡಾಂಬರು ಹಾಕುತ್ತಾರೆ, ಪಕ್ಕದಲ್ಲಿ ನೀರು ಹೋಗಲು ದಾರಿಯಿಲ್ಲದ್ದರಿಂದ ಜುಲೈ ಕಳೆಯುವಷ್ಟರಲ್ಲಿ ಜಲ್ಲಿ ಮೇಲೆದ್ದಿರುತ್ತದೆ. ಚರಂಡಿಯಿಲ್ಲದ ರಸ್ತೆಗೆ ಡಾಂಬರು ಸುರಿಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂದು ಯಾರಾದರೂ ಸಾಮಾನ್ಯ ಸಭೆಯಲ್ಲಿ ಹೇಳಬಾರದೇ? ಸದಸ್ಯರಲ್ಲಿ ಮನೆ ಕಟ್ಟಿಸಿದವರಿದ್ದಾರೆ, ತೋಟದಲ್ಲಿ ನೀರು ಬಸಿಯಲು ಕಾಲುವೆ ತೆಗೆಸಿದವರಿದ್ದಾರೆ, ನೀರಿಗೆ ಮೊದಲು ದಾರಿ ಮಾಡಿಕೊಡಬೇಕೆಂಬುದು ಅವರ್ಯಾರಿಗೂ ಹೊಸ ವಿಷಯವಲ್ಲ.

ಊರು ಬೆಳೆಯುತ್ತಿದೆ ಎಂದು ಅಧ್ಯಕ್ಷರು ಪ್ರತಿ ಭಾಷಣದಲ್ಲೂ ಹೆಮ್ಮೆಯಿಂದ ಹೇಳುತ್ತಾರೆ. ಬೆಳೆಯುತ್ತಿರುವುದು ನಿಜ. ಗದ್ದೆಗಳು ಭೂಪರಿವರ್ತನೆಯಾಗಿ ಬಡಾವಣೆಗಳಾಗಿವೆ, ಕಾಫಿ ತೋಟದ ಅಂಚುಗಳು ಹೋಂಸ್ಟೇಗಳಾಗಿವೆ, ಬರೆಯನ್ನು, ಅಂದರೆ ಗುಡ್ಡದ ಕಡಿದಾದ ಅಂಚನ್ನು, ನೆಟ್ಟಗೆ ಕಡಿದು ಅದರ ಬುಡದಲ್ಲಿ ಮೂರಂತಸ್ತು ಏರಿಸಿದವರಿದ್ದಾರೆ. ಹಿಂದೆ ಮಳೆನೀರನ್ನು ಹೀರಿಕೊಂಡು ನಿಧಾನವಾಗಿ ಬಿಡುತ್ತಿದ್ದ ಗದ್ದೆಯ ಜಾಗದಲ್ಲಿ ಈಗ ಸಿಮೆಂಟಿನ ಅಂಗಳಗಳಿರುವುದರಿಂದ, ಬಿದ್ದ ಮಳೆಯೆಲ್ಲ ಒಂದೇ ಏಟಿಗೆ ಅಜ್ಜನ ಕಾಲದ ಅದೇ ಚರಂಡಿಗೆ ಬಂದು ಬೀಳುತ್ತದೆ. ಒಳಚರಂಡಿ ಎಲ್ಲ ಬೀದಿಗೂ ಬಂದಿಲ್ಲ. ಇಂಗುಗುಂಡಿ ತುಂಬಿದವರು ಜೋರು ಮಳೆಯ ರಾತ್ರಿ ನೋಡಿ ಅದನ್ನು ಸದ್ದಿಲ್ಲದೆ ಮೋರಿಗೆ ತಿರುಗಿಸುತ್ತಾರೆ. ಆ ಮೋರಿ ತೋಡಿಗೆ, ತೋಡು ಹೊಳೆಗೆ, ಹೊಳೆ ಕಾವೇರಿಗೆ. ತುಲಾ ಸಂಕ್ರಮಣದ ತೀರ್ಥವನ್ನು ಕಣ್ಣಿಗೊತ್ತಿಕೊಳ್ಳುವ ನಾವೇ ಕೆಳಗಿನ ಊರುಗಳಿಗೆ ಏನನ್ನು ಕಳುಹಿಸಿಕೊಡುತ್ತಿದ್ದೇವೆ ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ. ಕಟ್ಟಡಕ್ಕೆ ಪರವಾನಗಿ ಕೊಡುವಾಗ ಮಳೆನೀರು ಎಲ್ಲಿಗೆ ಹೋಗುತ್ತದೆ, ಶೌಚದ ನೀರು ಎಲ್ಲಿಗೆ ಹೋಗುತ್ತದೆ, ಕಡಿದ ಬರೆಗೆ ತಡೆಗೋಡೆ ಇದೆಯೇ ಎಂಬ ಮೂರು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಈಗ ಮಳೆಗಾಲ ಬಂದೊಡನೆ ಬರೆಗೆ ಟಾರ್ಪಾಲು ಹೊದಿಸುವುದೇ ಪರಿಹಾರವಾಗಿದೆ.

ಅಧ್ಯಕ್ಷರ ಪರವಾಗಿ ಹೇಳಬಹುದಾದ ಮಾತು ಒಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಅವರ ಅವಧಿ ಮೂವತ್ತು ತಿಂಗಳು. ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿಯ ತಕರಾರು ನ್ಯಾಯಾಲಯ ಹತ್ತಿದರೆ ಆಡಳಿತಾಧಿಕಾರಿಯ ಕೈಯಲ್ಲೇ ತಿಂಗಳುಗಟ್ಟಲೆ ಕಳೆಯುತ್ತದೆ. ದೊಡ್ಡ ಯೋಜನೆಯ ದುಡ್ಡು ಬೆಂಗಳೂರಿನಿಂದ ಬರಬೇಕು. ಒಳಚರಂಡಿ ಅರ್ಧಕ್ಕೆ ನಿಂತದ್ದಕ್ಕೆ ಅವರೊಬ್ಬರನ್ನೇ ದೂರುವುದು ನ್ಯಾಯವಲ್ಲ. ಆದರೆ ಇರುವ ಮೋರಿಯ ಮಣ್ಣನ್ನು ಮೇ ತಿಂಗಳಲ್ಲಿ ತೆಗೆಸಿ ಲಾರಿಯಲ್ಲಿ ಸಾಗಿಸಲು ಯಾವ ಮಂತ್ರಿಯ ಸಹಿ ಬೇಕು? ಮನೆ ಕಂದಾಯವನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ ಎಂದು ಧ್ವನಿವರ್ಧಕದಲ್ಲಿ ಕೂಗಿಸಿ ನಮ್ಮಿಂದ ವಸೂಲಿ ಮಾಡುವವರಿಗೆ ಅದೇ ಏಪ್ರಿಲ್‌ನಲ್ಲಿ ಹತ್ತು ಮಂದಿಯನ್ನು ಚರಂಡಿಗಿಳಿಸಲು ಏನು ಅಡ್ಡಿ? ಹತ್ತು ಮಂದಿ ಎಂದಾಗ ನೆನಪಾಯಿತು: ಪೌರಕಾರ್ಮಿಕರು ಕಳೆದ ಮಳೆಗಾಲದಲ್ಲೂ ಗೊಬ್ಬರದ ಚೀಲವನ್ನೇ ಕೊಪ್ಪೆ ಮಾಡಿಕೊಂಡು ಬರಿಗೈಯಲ್ಲಿ ಕಸ ಎತ್ತುತ್ತಿದ್ದರು. ಕಾರಂಜಿಯ ಪಂಪಿಗೆ ಮಾತ್ರ ಫೈಬರ್ ಮುಚ್ಚಳ ಬಂದಿದೆ.

ಹೂಳೆತ್ತಿದ ಕಾಮಗಾರಿಯ ಟೆಂಡರ್ ಕಡತ, ಅಳತೆ ಪುಸ್ತಕದ ನಕಲು, ಪಾವತಿಯಾದ ಬಿಲ್, ತೆಗೆದ ಮಣ್ಣನ್ನು ಎಲ್ಲಿ ಸುರಿದರು ಎಂಬ ವಿವರ, ಇಷ್ಟನ್ನೂ ಕೇಳಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಕೊಟ್ಟಿದ್ದೇನೆ. ಕಾಯ್ದೆ ಕೊಟ್ಟ 30 ದಿನದ ಗಡುವು ಮುಗಿದಿದೆ, ಉತ್ತರ ಬಂದಿಲ್ಲ. ಮೇಲ್ಮನವಿ ಸಿದ್ಧವಾಗಿದೆ. ಈ ನಡುವೆ ಮುಂದಿನ ಸಾಮಾನ್ಯ ಸಭೆಯ ವಿಷಯಪಟ್ಟಿ ನಮ್ಮ ವಾರ್ಡಿನ ಸದಸ್ಯರ ಮೂಲಕ ನನ್ನ ಕೈಗೆ ಸಿಕ್ಕಿತು. ಅದರ ಮೊದಲ ಬಾಬ್ತು, ಕಾರಂಜಿಗೆ ಸಂಗೀತ ಜೋಡಿಸುವ ಬಗ್ಗೆ. ಚರಂಡಿಯ ವಿಷಯ "ಅಧ್ಯಕ್ಷರ ಅಪ್ಪಣೆ ಮೇರೆಗೆ ಬರಬಹುದಾದ ಇತರ ವಿಷಯಗಳು" ಎಂಬ ಕೊನೆಯ ಸಾಲಿನಲ್ಲಿ ಬಂದರೆ ಬಂತು.