ಹಳೆಯ ಸೈ-ಫೈ ಸರಣಿಗಳನ್ನು ಮೊದಲ ಎಪಿಸೋಡ್‌ನಿಂದಲೇ ನೋಡಬೇಕೇ?

ಪರ: ಒಂದನ್ನೂ ಬಿಡಬೇಡಿ

ಬಾಹ್ಯಾಕಾಶ ನಿಲ್ದಾಣವೊಂದರ ಕಥೆಯಾದ 'ಬ್ಯಾಬಿಲನ್ 5' ನೋಡಲು ಹೊರಟವರಿಗೆ ಸಿಗುವ ಅತಿ ಕೆಟ್ಟ ಸಲಹೆ: ಮೊದಲ ಸೀಸನ್ ಸಪ್ಪೆ, ಎರಡರಿಂದ ಶುರು ಮಾಡಿ. ಮೊದಲ ಸೀಸನ್ನಿನ ಕಮಾಂಡರ್ ಸಿಂಕ್ಲೇರ್ ಜಾಗಕ್ಕೆ ಎರಡನೆಯದರಲ್ಲಿ ಶೆರಿಡನ್ ಬರುತ್ತಾನೆ. ಹೋದವನ ಕಥೆ ಯಾಕೆ ಬೇಕು ಎಂಬುದು ಅವರ ಲೆಕ್ಕ. ಮೂರನೇ ಸೀಸನ್ನಿನ 16 ಮತ್ತು 17ನೇ ಎಪಿಸೋಡ್‌ಗಳಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಸಿಂಕ್ಲೇರ್ ಮತ್ತೆ ಬರುತ್ತಾನೆ, ಆ ಎರಡು ಎಪಿಸೋಡ್‌ಗಳು ನಿಂತಿರುವುದೇ ಅವನ ಮೇಲೆ. ಮೊದಲ ಸೀಸನ್ನಿನ 20ನೇ ಎಪಿಸೋಡ್‌ನಲ್ಲಿ ಹಾಕಿದ ಗಂಟು ಬಿಚ್ಚಿಕೊಳ್ಳುವುದು ಇಲ್ಲಿ. ಗಂಟು ಹಾಕಿದ್ದನ್ನೇ ನೋಡದವರಿಗೆ ಬಿಚ್ಚಿದ್ದು ತಿಳಿಯುವುದಾದರೂ ಹೇಗೆ?

ಇನ್ನೂ ದೊಡ್ಡದೊಂದಿದೆ. ಮೊದಲ ಎಪಿಸೋಡ್‌ನಲ್ಲೇ ರಾಯಭಾರಿ ಲೊಂಡೊ ತನ್ನ ಸಾವಿನ ಕನಸು ಹೇಳಿಕೊಳ್ಳುತ್ತಾನೆ: ಇಪ್ಪತ್ತು ವರ್ಷದ ನಂತರ, ಮುದುಕನಾದ ತಾನು ಇನ್ನೊಬ್ಬನ ಕುತ್ತಿಗೆ ಹಿಸುಕುತ್ತಿದ್ದೇನೆ, ಅವನು ನನ್ನ ಕುತ್ತಿಗೆ ಹಿಸುಕುತ್ತಿದ್ದಾನೆ. ಆ ಇನ್ನೊಬ್ಬ ಜಿಕಾರ್, ಶತ್ರು ದೇಶದ ರಾಯಭಾರಿ. ಆಗ ಅದು ಇಬ್ಬರು ಜಗಳಗಂಟರ ಹಗೆಯ ಮಾತು ಅನ್ನಿಸುತ್ತದೆ, ಅಷ್ಟೇ. ಮೂರನೇ ಸೀಸನ್ನಿನಲ್ಲಿ ಅದೇ ಗಳಿಗೆ ಕಣ್ಣೆದುರು ನಡೆಯುವಾಗ ಅರ್ಥವೇ ಬೇರೆಯಾಗಿರುತ್ತದೆ. ಏನೆಂದು ಇಲ್ಲಿ ಹೇಳುವುದಿಲ್ಲ. ಆ ಕನಸನ್ನು ಮನಸ್ಸಿನಲ್ಲಿಟ್ಟುಕೊಂಡು ಐವತ್ತಕ್ಕೂ ಹೆಚ್ಚು ಎಪಿಸೋಡ್ ದಾಟಿ ಬಂದವರಿಗೆ ಮಾತ್ರ ಆ ದೃಶ್ಯ ಎದೆಗೆ ತಾಗುತ್ತದೆ. ಸಾರಾಂಶ ಓದಿ ಬಂದವರಿಗೆ ಅದು ಸುದ್ದಿ ಮಾತ್ರ.

ಕ್ರಮ ಸುಲಭ. 1993ರ ಪೈಲಟ್ ಚಿತ್ರ (ಸರಣಿಗೆ ಮುನ್ನ ಪ್ರಯೋಗವಾಗಿ ಮಾಡುವ ಮೊದಲ ಕಂತು) ಮೊದಲು, ಆಮೇಲೆ ಐದು ಸೀಸನ್, ತಲಾ 22 ಎಪಿಸೋಡ್. 'ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ'ದಲ್ಲಿ ಜನ ಎಡವುವುದೂ ಶುರುವಿನಲ್ಲೇ. ಡಿಸೆಂಬರ್ 2003ರ ಮಿನಿ ಸರಣಿ ಎಷ್ಟೋ ಕಡೆ ಬೇರೆ ಹೆಸರಿನಡಿ ಇರುತ್ತದೆ. ಹಾಗಾಗಿ ಸೀಸನ್ ಒಂದರ ಮೊದಲ ಎಪಿಸೋಡ್ '33'ರಿಂದ ಹಲವರು ಹತ್ತುತ್ತಾರೆ. ಅಲ್ಲಿ ಎಲ್ಲರೂ ನಿದ್ದೆಗೆಟ್ಟು ಓಡುತ್ತಿದ್ದಾರೆ. ಯಾರಿಂದ, ಏನನ್ನು ಕಳೆದುಕೊಂಡು ಎಂಬುದು ಮಿನಿ ಸರಣಿಯಲ್ಲಿದೆ.

ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 'ಫೈರ್‌ಫ್ಲೈ' ಸಾಕ್ಷಿ. ಪಾತ್ರಗಳನ್ನೆಲ್ಲ ಪರಿಚಯಿಸುವ ಎರಡು ಗಂಟೆಯ ಪೈಲಟ್ ಮೊದಲು ಬರಬೇಕಿತ್ತು. 2002ರಲ್ಲಿ ಅದನ್ನು ಬದಿಗಿಟ್ಟು ಇನ್ನೊಂದು ಎಪಿಸೋಡ್‌ನಿಂದ ಪ್ರಸಾರ ಶುರುವಾಯಿತು. ಪೈಲಟ್ ಬಂದದ್ದು ಡಿಸೆಂಬರ್ 20ರಂದು, ಸರಣಿ ನಿಲ್ಲುವ ಹೊತ್ತಿಗೆ. ತಯಾರಾದ 14ರಲ್ಲಿ ಪ್ರಸಾರವಾದದ್ದು 11. ಡಿವಿಡಿಯಲ್ಲಿ ಸರಿಯಾದ ಕ್ರಮದಲ್ಲಿ ಬಂದಾಗಲೇ ಅದರ ಬೆಲೆ ಬಹಳ ಜನಕ್ಕೆ ತಿಳಿದದ್ದು.

ಬೇಸರ ಬಂದರೆ ದಿನಕ್ಕೆ ಒಂದೇ ನೋಡಿ. ಬಿಟ್ಟು ಮಾತ್ರ ಮುಂದೆ ಹೋಗಬೇಡಿ.

ವಿರೋಧ: ಒಳ್ಳೆಯದರಿಂದ ಶುರು ಮಾಡಿ

ಎಲ್ಲ ಸರಣಿಗೂ ಈ ಮಾತು ಹೊಂದುತ್ತದೆ ಎಂದು ನಾನು ವಾದಿಸುತ್ತಿಲ್ಲ. ಆದರೆ ಮೊದಲಿನಿಂದಲೇ ನೋಡು ಎನ್ನುವವರು ಮನರಂಜನೆಯನ್ನು ಹಾಜರಿ ಪುಸ್ತಕ ಮಾಡಿಬಿಡುತ್ತಾರೆ. 'ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್' 178 ಎಪಿಸೋಡ್, ಒಂದೊಂದೂ ಸುಮಾರು 45 ನಿಮಿಷ. ದಿನಕ್ಕೊಂದು ನೋಡಿದರೂ ಆರು ತಿಂಗಳು. 1987ರ ಮೊದಲ ಸೀಸನ್ನಿನಲ್ಲಿ ಬರಹಗಾರರಿಗೆ ಪಾತ್ರಗಳೇ ಇನ್ನೂ ಕೈಗೆ ಸಿಕ್ಕಿರಲಿಲ್ಲ. ಎರಡನೆಯದು 1988ರ ಬರಹಗಾರರ ಮುಷ್ಕರದಿಂದ 22ಕ್ಕೆ ಇಳಿಯಿತು. ಅದರ ಕೊನೆಯ ಎಪಿಸೋಡ್‌ನಲ್ಲಿ ಹಡಗಿನ ಅಧಿಕಾರಿ ರೈಕರ್‌ನನ್ನು ಹಾಸಿಗೆಯಲ್ಲಿ ಮಲಗಿಸಿ ಹಳೆಯ ದೃಶ್ಯಗಳ ತುಣುಕುಗಳನ್ನು ಜೋಡಿಸಿದ್ದಾರೆ. ಹೊಸಬರು ಇದನ್ನು ಯಾಕೆ ಸಹಿಸಬೇಕು?

ನೇರವಾಗಿ ಎರಡನೇ ಸೀಸನ್ನಿನ 9ನೇ ಎಪಿಸೋಡ್ 'ದಿ ಮೆಷರ್ ಆಫ್ ಎ ಮ್ಯಾನ್' ಹಾಕಿ. ತಿಳಿದಿರಬೇಕಾದದ್ದು ಒಂದೇ: ಡೇಟಾ ಮನುಷ್ಯನಂತೆ ಕಾಣುವ ಯಂತ್ರ, ಹಡಗಿನ ಅಧಿಕಾರಿ. ಅವನು ಸ್ವತಂತ್ರ ವ್ಯಕ್ತಿಯೋ, ಇಲಾಖೆಯ ಸ್ವತ್ತೋ ಎಂದು ವಿಚಾರಣೆ. ಯಂತ್ರ ಎಂದು ವಾದಿಸುವ ಹೊಣೆ ಅವನ ಸ್ನೇಹಿತ ರೈಕರ್‌ನ ತಲೆಗೆ ಬೀಳುತ್ತದೆ. ಒಲ್ಲದ ಮನಸ್ಸಿನಿಂದಲೇ ರೈಕರ್ ಡೇಟಾನ ಕೈಯನ್ನು ಬಿಚ್ಚಿ ತೋರಿಸುತ್ತಾನೆ, ಆಮೇಲೆ ಬೆನ್ನಿನ ಸ್ವಿಚ್ ಒತ್ತುತ್ತಾನೆ. ಡೇಟಾ ಮೇಜಿನ ಮೇಲೆ ಕುಸಿಯುತ್ತಾನೆ. ರೈಕರ್ ಹೋಗಿ ಕೂರುವಾಗ ಅವನ ಮುಖ ನೋಡಿ. ತನ್ನ ವಾದ ಗೆಲ್ಲುವಂತಿದೆ ಎಂಬುದೇ ಅವನ ಸಂಕಟ. ಹಿಂದಿನ 34 ಎಪಿಸೋಡ್ ನೋಡದೆಯೂ ಆ ಸಂಕಟ ತಿಳಿಯುತ್ತದೆ.

ಬ್ಯಾಬಿಲನ್ 5ರದ್ದು ಬೇರೆ ಜಾತಿ, ಅದು ಒಂದೇ ಕಥೆಯಾಗಿ ಹೆಣೆದದ್ದು. ಅದನ್ನು ಹಿಡಿದು ಎಲ್ಲಕ್ಕೂ ನಿಯಮ ಮಾಡುವುದು ಸರಿಯಲ್ಲ. 'ನೆಕ್ಸ್ಟ್ ಜನರೇಷನ್'ನಲ್ಲಿ ಹೆಚ್ಚಿನ ಎಪಿಸೋಡ್‌ಗಳು ತಮ್ಮಷ್ಟಕ್ಕೆ ಪೂರ್ಣ. ಮುಂದೆ ಎರಡನೇ ಸೀಸನ್ನಿನ 16ನೇ ಎಪಿಸೋಡ್‌ನಲ್ಲಿ ಬೋರ್ಗ್ ಎಂಬ ಶತ್ರು ಪಡೆ ಬರುತ್ತದೆ, ಅದನ್ನು ಬಿಡಬೇಡಿ. ಆಮೇಲೆ ಮೂರನೇ ಸೀಸನ್ನಿನಿಂದ ಸಾಲಾಗಿ ನೋಡಿ. ಆ ಸೀಸನ್ನಿನ 15ನೆಯದಕ್ಕೆ ಮುಂಚೆ ಮಾತ್ರ ಮೊದಲ ಸೀಸನ್ನಿನ 'ಸ್ಕಿನ್ ಆಫ್ ಈವಿಲ್' ನೋಡಲೇಬೇಕು, ಹಡಗಿನ ಭದ್ರತಾ ಅಧಿಕಾರಿ ಟಾಶಾ ಯಾರ್‌ಗೆ ಏನಾಯಿತು ಎಂದು ತಿಳಿಯಲು.

ಒಂದನ್ನು ಒಪ್ಪಬೇಕು. ವಿಚಾರಣೆಯಲ್ಲಿ ಡೇಟಾನ ಪರ ವಾದಿಸುವ ಹಡಗಿನ ಕ್ಯಾಪ್ಟನ್ ಪಿಕಾರ್ಡ್ ಅವನ ಪೆಟ್ಟಿಗೆಯಿಂದ ಪದಕ ಮತ್ತು ಪುಸ್ತಕ ತೆಗೆಯುತ್ತಾನೆ, ಕೊನೆಗೆ ಟಾಶಾಳ ಪುಟ್ಟ ಚಿತ್ರ. ಅದನ್ನು ಯಾಕೆ ಇಟ್ಟುಕೊಂಡೆ ಎಂಬ ಪ್ರಶ್ನೆಗೆ ಡೇಟಾ ಉತ್ತರಿಸಲು ತಡೆಯುತ್ತಾನೆ. ಮೊದಲ ಸೀಸನ್ ನೋಡಿದವರಿಗೆ ಆ ತಡೆ ಯಾಕೆಂದು ಅವನು ಹೇಳುವ ಮೊದಲೇ ಗೊತ್ತು.