ನಾ ಒಪ್ಪಂಗಿಲ್ಲ, ಸಹಿ: ಅಡ್ಮಿನ್ ಕಾಕಾ

ಹೋರಾಟ ಅಂದ್ರ ಹೆಂಗ ಮಾಡ್ಬೇಕಂತ ನಮ್ಮ ಹುಬ್ಬಳ್ಳಿ ಕಡೆ ಮಂದಿಗೆ ಯಾರೂ ಹೇಳಿಕೊಡೂದ ಬ್ಯಾಡ್ರಿ. ಚೆನ್ನಮ್ಮ ಸರ್ಕಲ್ಲಿನಾಗ ನಾಕ ಟೈರ್ ಸುಟ್ರ ಅರ್ಧಾ ಊರ ನಿಂತ ಬಿಡ್ತೈತಿ, ಮಹದಾಯಿ ನೀರಿಗಾಗಿ 2015ರಾಗ ನರಗುಂದದ ರೈತ್ರು ಪೆಂಡಾಲ್ ಹಾಕ್ಕೊಂಡು ಕುಂತಿದ್ದನ್ನ ಇಡೀ ರಾಜ್ಯ ನೋಡೇತಿ. ಆದ್ರ 2021ರ ಜನವರಿಯಾಗ ನಮ್ಮ ಓಣಿಯವ್ರು ಒಂದ ಹೋರಾಟ ಮಾಡಿದ್ರಲ್ಲಾ, ಅದಕ್ಕ ಟೈರೂ ಬೇಕಾಗ್ಲಿಲ್ಲ ಪೆಂಡಾಲೂ ಬೇಕಾಗ್ಲಿಲ್ಲ, ಬರೇ ಒಂದ ಹೆಬ್ಬಟ್ಟ ಸಾಕಾತು.

ಆಗ ವಾಟ್ಸ್ಯಾಪಿನವ್ರು ಎಲ್ಲಾರ ಫೋನಿಗೂ ಒಂದ ಚೀಟಿ ಕಳಿಸಿದ್ರು, ಹೊಸಾ ಪ್ರೈವಸಿ ಪಾಲಿಸಿ ಬಂದೇತಿ, ಫೆಬ್ರವರಿ 8ರೊಳಗ ಒಪ್ಕೋರಿ, ಇಲ್ಲಂದ್ರ ಅಕೌಂಟ್ ನಡಿಯಂಗಿಲ್ಲ ಅಂತ. ನಮ್ಮ ಓಣಿ ಗ್ರೂಪಿನ ಅಡ್ಮಿನ್ ಕಾಕಾ ಕೋರ್ಟಿನಾಗ ಶಿರಸ್ತೇದಾರ ಆಗಿ ರಿಟೈರ್ ಆದಾವ್ರು, ಅವ್ರಿಗೆ ಕಾಗದ ಅಂದ್ರ ಜೀವ. ಅವತ್ತ ರಾತ್ರಿನ ಗ್ರೂಪಿಗೆ ನೋಟಿಸ್ ಬಿತ್ತು. "ಈ ಮೂಲಕ ತಿಳಿಯಪಡಿಸುವುದೇನೆಂದರೆ, ನನ್ನ ಫೋಟೋ, ಮೆಸೇಜು ಹಾಗೂ ಇನ್ನಿತರ ಚರಾಸ್ತಿಯ ಮೇಲೆ ಸದರಿ ಕಂಪನಿಗೆ ಯಾವುದೇ ಹಕ್ಕು ಇರತಕ್ಕದ್ದಲ್ಲ." ಕೆಳಗ ತಾರೀಖು, ಟೈಮು, ಸ್ಥಳ ಹುಬ್ಬಳ್ಳಿ. ಶೇರ್ ಮಾಡಬ್ಯಾಡ್ರಿ, ಕಾಪಿ ಪೇಸ್ಟ್ ಮಾಡ್ರಿ, ಆಗ್ಲೇ ಕಾನೂನಿನಾಗ ನಿಲ್ತೈತಿ ಅಂತ ಮತ್ತೊಂದ ಷರಾ. ತಾಸಿನಾಗ ಅರವತ್ತ ಮಂದಿ ಪೇಸ್ಟ್ ಮಾಡಿದ್ರು, ಅದರಾಗ ಒಬ್ಬಾವ ಕಾಕಾನ ಹೆಸರೂ ಅಳಿಸಿರ್ಲಿಲ್ಲ. ಈ ಮಾಲ ಹೊಸಾದೇನಲ್ರಿ, ಇಂಥಾದ ಫೇಸ್‌ಬುಕ್ಕಿನಾಗ 2012ರಿಂದ ತಿರಗ್ಯಾಡಾಕತ್ತೇತಿ, ಅದರಾಗಂತೂ ಕೆಲವು ಸಲ ರೋಮ್ ಶಾಸನಾನೂ ತುರುಕಿರ್ತಾರ, ಅಂದ್ರ ನರಮೇಧ ಮಾಡಿದವ್ರನ್ನ ವಿಚಾರಣಾ ಮಾಡೂ ಅಂತಾರಾಷ್ಟ್ರೀಯ ಕೋರ್ಟಿನ ಕಾನೂನು. ಕಾಕಾನ ಡಿಪಿಗೆ!

ಪಾಲಿಸಿ ಮಾತ್ರ ಯಾರೂ ಓದಿರ್ಲಿಲ್ಲ. ಮನಿ ಮಂದಿ ಜೋಡಿ ಮಾತಾಡೂ ಮೆಸೇಜಿಗೆ ಮೊದಲಿನಂಗ ಕೀಲಿ ಇರ್ತಿತ್ತು, ಅಂದ್ರ ಕಳಿಸಿದವ್ರು, ತಗೊಂಡವ್ರು ಬಿಟ್ಟ ಕಂಪನಿಗೂ ಓದಾಕ ಬರ್ತಿರ್ಲಿಲ್ಲ, ಬದಲಾಗಿದ್ದು ಹೆಚ್ಚಾಗಿ ಬಿಸಿನೆಸ್ ಚಾಟ್ ಸುದ್ದಿ. ಫೋನ್ ನಂಬರಿನಂಥಾ ಮಾಹಿತಿ ಫೇಸ್‌ಬುಕ್ಕಿಗೆ ಕೊಡೂದಂತೂ 2016ರ ಆಗಸ್ಟ್‌ನಾಗ ಶುರು ಆಗಿತ್ತು, ಒಲ್ಲೆ ಅನ್ನೂದಕ್ಕ ಹಳೇ ಗಿರಾಕಿಗೆ 30 ದಿವಸ ಟೈಮೂ ಕೊಟ್ಟಿದ್ರು. ಆ 30 ದಿವಸ ನಮ್ಮ ಓಣ್ಯಾಗ ಯಾರೂ ಕೆಮ್ಮಲಿಲ್ಲ. ಐದ ವರ್ಷದ ಹಿಂದ ಹ್ವಾದ ಎತ್ತಿಗೆ ಇವತ್ತ ಕೊಟ್ಟಿಗಿ ಬಾಗಲಾ ಹಾಕಾಕತ್ತಿದ್ರು. ಅದೂ ಯಾವ ಗ್ರೂಪಿನಾಗ, ರೇಷನ್ ಕಾರ್ಡಿಗೆ ಅಂತ ಇಡೀ ಓಣಿ ಆಧಾರ್ ಕಾರ್ಡಿನ ಫೋಟೋ ಹಾಕಿದ್ದ ಗ್ರೂಪಿನಾಗ.

ಅಷ್ಟರಾಗ ಅಮೆರಿಕಾದ ಎಲಾನ್ ಮಸ್ಕ್ ಸಾಹೇಬ್ರು ಜನವರಿ 7ಕ್ಕ ಎರಡ ಶಬ್ದದ ಟ್ವೀಟ್ ಹಾಕಿದ್ರು, ಸಿಗ್ನಲ್ ಬಳಸ್ರಿ ಅಂತ. ಸಿಗ್ನಲ್ ಅಂದ್ರ ವಾಟ್ಸ್ಯಾಪಿನಂಥಾದ ಇನ್ನೊಂದ ಮೆಸೇಜ್ ಆ್ಯಪು. ಹಸಿರು ದೀಪ ಇದ್ರೂ ನಿಂತು, ಕೆಂಪಿಗೆ ನುಗ್ಗೂ ಊರಿನಾಗ ಸಿಗ್ನಲ್ ಮಾತ ಕೇಳಿದ್ದ ಅದ ಮೊದಲ್ನೇ ಸಲ. ಕಾಕಾ ಹೊಸಾ ಗ್ರೂಪ್ ತಗದ್ರು, ಓಟಿಪಿ ಬರವಲ್ದು ಅಂತ ಅರ್ಧಾ ಮಂದಿ ಒದ್ದಾಡಿದ್ರು, 15ನೇ ತಾರೀಖಿಗೆ ಗದ್ದಲಕ್ಕ ಸಿಗ್ನಲ್ಲ ಬಂದ್ ಬಿತ್ತು. ಸಿಗ್ನಲ್ ಯಾಕ ಬಂದ್ ಐತಿ ಅಂತ ಎಲ್ಲಾರೂ ಎಲ್ಲಿ ಕೇಳಿದ್ರು ಹೇಳ್ರಿ? ವಾಟ್ಸ್ಯಾಪಿನಾಗ.

ಇಷ್ಟಾದ್ರೂ ಕಾಕಾ ಜಗ್ಗಲಿಲ್ಲ, ಐತವಾರದಿಂದ ಎಲ್ಲಾ ಸುದ್ದಿ ಸಿಗ್ನಲ್ಲಿನಾಗ ಅಷ್ಟ ಅಂತ ಫರ್ಮಾನು. ನಮ್ಮ ಓಣಿಗೆ ಆಗ ನೀರ ಎಂಟ ದಿವಸಕ್ಕೊಮ್ಮೆ ಬರ್ತಿತ್ತು, ಒಮ್ಮೊಮ್ಮೆ ನಡುರಾತ್ರಿ ಬಿಡ್ತಿದ್ರು. ವಾಲ್ವ್ ತಿರುವೂ ತಮ್ಮ "ನೀರ ಬಿಟ್ಟೇನ್ರಿ" ಅಂತ ಗ್ರೂಪಿಗೆ ಎರಡ ಶಬ್ದ ಹಾಕಿದ್ರ ಸಾಕು, ಇಡೀ ಓಣಿ ಕೊಡಾ, ಬಕೀಟು, ಮೋಟಾರು ತಗೊಂಡು ಎದ್ದ ಕುಂಡ್ರತಿತ್ತು. ಅವ ಹೋರಾಟದಾಗ ಇರ್ಲಿಲ್ಲ, ಅವ್ನಿಗೆ ಯಾರೂ ಹೇಳಿರ್ಲೂ ಇಲ್ಲ. ಮಂಗಳವಾರ ರಾತ್ರಿ ಎರಡೂವರಿಗೆ ಪಾಪ ಹಳೇ ಗ್ರೂಪಿನಾಗ ಹಾಕ್ಯಾನ. ನಮ್ಮ ಖಾಸಗಿತನಾ ಭದ್ರ ಮಾಡ್ಕೊಂಡು ಎಲ್ಲಾರೂ ಮಲಗಿದ್ವಿ. ಮುಂಜಾನೆ ಎದ್ದ ನೋಡಿದ್ರ ಟಾಕಿ ಖಾಲಿ, ಮುಂದ ಎಂಟ ದಿವಸ ಟ್ಯಾಂಕರೇ ಗತಿ. ಕಾಕೂ ಅಂಗಳದಾಗ ಬರೇ ಕೊಡಾ ಹಿಡಕೊಂಡು ಕಾಕಾಗ ಏನ ಅಂದ್ರು ಅಂತ ನಾ ಇಲ್ಲಿ ಬರಿಯಂಗಿಲ್ಲ, ಅವ್ರ ಪ್ರೈವಸಿ ಅದು.

ಸಂಜಿ ಚಾ ಹೊತ್ತಿಗೆ ಎಲ್ಲಾರೂ ವಾಪಸ್. ನೋಟಿಸ್ ಹಾಕಿದ ಅರವತ್ತೂ ಮಂದಿ ರಾತ್ರಿ ಚಾದರದಾಗ ಮುಖಾ ಮುಚ್ಚಿಕೊಂಡು "ಒಪ್ಪಿಗೆ" ಒತ್ತಿದ್ರು. ಕಂಪನಿಯವ್ರು ಪೇಪರಿನಾಗ ಪೂರ್ತಿ ಪುಟ ಜಾಹೀರಾತ ಹಾಕಿ ಸಮಾಧಾನ ಹೇಳಿದ್ರು, ಗಡುವು ಮೇ 15ಕ್ಕ ಒಯ್ದ್ರು, ಆಮ್ಯಾಲ ಒಪ್ಪಲಿಲ್ಲಂದ್ರೂ ಅಕೌಂಟ್ ತಗಿಯಂಗಿಲ್ಲ ಬಿಡ್ರಿ ಅಂದ್ರು. ಅಂದ್ರ ಒತ್ತದವ್ರೂ ಆರಾಮ ಇದ್ರು, ನಮ್ಮವ್ರ ಗಡಿಬಿಡಿ ಮಾಡಿ ಒತ್ತಿದ್ರು. 2024ರ ನವೆಂಬರಿನಾಗ ಇದ ಪಾಲಿಸಿ ಸಲುವಾಗಿ ದೊಡ್ಡ ಕಂಪನಿಗಳ ದಬ್ಬಾಳಿಕಿ ತಡಿಯೂ ಭಾರತದ ಸ್ಪರ್ಧಾ ಆಯೋಗ, ವಾಟ್ಸ್ಯಾಪು ಫೇಸ್‌ಬುಕ್ಕು ಎರಡರ ಮಾಲೀಕ ಕಂಪನಿ ಮೆಟಾಕ್ಕ 213.14 ಕೋಟಿ ದಂಡಾ ಹಾಕಿದಾಗ ಕಾಕಾ ನಮ್ಮ ಹೋರಾಟಕ್ಕ ಜಯ ಅಂತ ಸ್ಟೇಟಸ್ ಇಟ್ರು. ದೇಶದಾಗ 53 ಕೋಟಿ ಮಂದಿ ವಾಟ್ಸ್ಯಾಪ್ ಬಳಸ್ತಾರಂತ 2021ರಾಗ ಸರ್ಕಾರನ ಹೇಳಿತ್ತು, ಹಂಚಿದ್ರ ತಲಿಗೆ ನಾಕ ರೂಪಾಯಿ. ದುರ್ಗದಬೈಲಿನಾಗ ಒಂದ ಪ್ಲೇಟ್ ಗಿರಮಿಟ್ ಹೋಗ್ಲಿ, ಒಂದ ಮಿರ್ಚಿನೂ ಬರಂಗಿಲ್ಲ.

2025ರ ದಸರಾ ಹೊತ್ತಿಗೆ ಕಾಕಾ ಮತ್ತ ಎದ್ರು. ಈ ಸಲ ಅರಟ್ಟೈ ಅನ್ನೂ ಮೆಸೇಜ್ ಆ್ಯಪು, ಸ್ವದೇಶಿ, ಹೆಸರ ತಮಿಳಿಂದು ಆದ್ರೂ ನಮ್ಮ ಹರಟಿನ ಅದು. ಆಗ ಅದರಾಗ ಕಾಲ್‌ಗೆ ಕೀಲಿ ಇತ್ತು, ಮೆಸೇಜಿಗೆ ಇನ್ನೂ ವಾಟ್ಸ್ಯಾಪಿನಂಥಾ ಕೀಲಿ ಬಂದಿರ್ಲಿಲ್ಲ. ಅದನ್ನ ಹೇಳಾಕ ಹೋದ್ರ ಕಾಕಾ, "ತಮ್ಮಾ, ನಮ್ಮ ಮಂದಿ ಮುಂದ ನಮಗೆಂಥಾ ಕೀಲಿ?" ಅಂದ್ರು. ಲಿಂಕ್ ಎಂದಿನಂಗ ವಾಟ್ಸ್ಯಾಪ್ ಗ್ರೂಪಿಗೇ ಬಿತ್ತು. ಆದ್ರ ಈ ಸಲ ಕಾಕಾ ಶಾಣ್ಯಾ ಆಗ್ಯಾರ, ಮೊದಲ ವಾಲ್ವ್ ತಿರುವೂ ತಮ್ಮಗ ಫೋನ್ ಹಚ್ಚಿ, ನೀ ಮೊದಲ ಡೌನ್‌ಲೋಡ್ ಮಾಡ್ಕೋ ಅಂದ್ರು.

"ಜಾಗಾ ಇಲ್ರಿ ಕಾಕಾ, ಫೋನ್ ತುಂಬ ನಿಮ್ಮ ಗುಡ್ ಮಾರ್ನಿಂಗ್ ಅದಾವು."