ಭೂಪ ರಾಗಕ್ಕೆ ಎರಡು ಅಂಕ

ಪಠ್ಯಕ್ಕೂ ಪಠ್ಯೇತರಕ್ಕೂ ನಡುವೆ ಗಟ್ಟಿ ಗೋಡೆ ಇರಕೂಡದು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ಅದನ್ನು ಚಾಚೂ ತಪ್ಪದೆ ಜಾರಿಗೆ ತಂದ ಶಾಲೆಯೊಂದು ಪುಣೆಯ ನಮ್ಮ ಕೋಥರೂಡದಲ್ಲಿದೆ. ಹೆಸರು ಬೇಡ, ನಮ್ಮ ಸೊಸೈಟಿಯ ಅರ್ಧ ಮಕ್ಕಳು ಅಲ್ಲಿಯೇ ಓದುತ್ತಾರೆ. ಗೋಡೆ ಬಿದ್ದದ್ದೇ ತಡ, ಗಣಿತದ ಸರ್ ನೇರವಾಗಿ ಸಂಗೀತದ ಪೀರಿಯಡ್ಡಿಗೆ ನಡೆದು ಬಂದರು. ಪೋರ್ಶನ್ ಮುಗಿಯಬೇಕಲ್ಲ! ಬಿದ್ದ ಆ ಗೋಡೆಯನ್ನು ದಾಟಿ ಸಂಗೀತದ ಬಾಯಿಯವರು (ಇಲ್ಲಿ ಶಿಕ್ಷಕಿಯನ್ನು ಕರೆಯುವುದು ಹಾಗೆ) ಗಣಿತದ ಪೀರಿಯಡ್ಡಿಗೆ ಹೋದದ್ದನ್ನು ಮಾತ್ರ ಯಾರೂ ಕಂಡಿಲ್ಲ.

ಆರು, ಏಳು, ಎಂಟನೇ ತರಗತಿಗಳ ವೇಳಾಪಟ್ಟಿಯಲ್ಲಿ ವಾರಕ್ಕೊಮ್ಮೆ ಸಂಗೀತ ಇದ್ದೇ ಇದೆ. ಹಾರ್ಮೋನಿಯಂ ಕೂಡ ಇದೆ. ಪ್ರಯೋಗಾಲಯದ ಕಪಾಟಿನ ಮೇಲೆ, ಅಕ್ಷ ಮುರಿದ ಗ್ಲೋಬಿನ ಪಕ್ಕದಲ್ಲಿ ಕುಳಿತಿದೆ. ಅದರ ಮೈಮೇಲೆ ಬಿಳಿ ಬಣ್ಣದಲ್ಲಿ ಡೆಡ್ ಸ್ಟಾಕ್ ಕ್ರಮಾಂಕ, ಅಂದರೆ ಶಾಲೆಯ ಸಾಮಾನು ದಾಖಲೆಯ ಸಂಖ್ಯೆ, ಬರೆಯಲಾಗಿದೆ. ಬರೆದವನ ಕುಂಚದಿಂದ ಜಾರಿದ ಒಂದು ಹನಿ ಮಂದ್ರ ಪಂಚಮದ ಮೇಲೆ ಬಿದ್ದು ಅಲ್ಲಿಯೇ ಒಣಗಿದೆ. ತಪಾಸಣೆಯ ದಿನ ಸಿಪಾಯಿ ಅದನ್ನು ಕೆಳಗಿಳಿಸುತ್ತಾನೆ, ಕ್ರಮಾಂಕ ಕೂಗಿ ಹೇಳುತ್ತಾನೆ, ಧೂಳು ಒರೆಸಿ ಮತ್ತೆ ಮೇಲೇರಿಸುತ್ತಾನೆ. ನುಡಿಸಿದರೆ ಕೆಡುತ್ತದೆ, ಕೆಟ್ಟರೆ ಆಡಿಟ್‌ನವರು ಕೇಳುತ್ತಾರೆ ಎಂಬುದು ಮುಖ್ಯಾಧ್ಯಾಪಕಿಯವರ ವಾದ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಮೇಲೆ ಹೇರಿದ್ದ ನಿಷೇಧವನ್ನು 1971ರಲ್ಲಿ ಸಡಿಲಿಸಿತು. ಸುದ್ದಿ ಕೋಥರೂಡಕ್ಕೆ ಇನ್ನೂ ಮುಟ್ಟಿಲ್ಲ.

ಗಣಿತದ ಸರ್ ರಜೆ ಹಾಕಿದ ದಿನ ನಿಜಕ್ಕೂ ಸಂಗೀತ ನಡೆಯುತ್ತದೆ. ಆಗ ಬಾಯಿಯವರ ಮೊಬೈಲಿನಲ್ಲಿ ತಂಬೂರಿ ಮೀಟುತ್ತದೆ. ಉಚಿತ ಆ್ಯಪ್ ಆದ್ದರಿಂದ ಷಡ್ಜ ಇನ್ನೇನು ನೆಲೆ ನಿಲ್ಲಬೇಕು ಎನ್ನುವಾಗ ಗೃಹಸಾಲದ ಜಾಹೀರಾತು ಬರುತ್ತದೆ. ಶ್ರುತಿ ಎಲ್ಲರಿಗೂ ಒಂದೇ. ಎಂಟನೇ ತರಗತಿಯ ಹುಡುಗರಿಗೆ ಗಂಟಲು ಒಡೆಯುವ ವಯಸ್ಸು, ಅವರಿಗೆ ಕೆಳಗಿನ ಶ್ರುತಿ ಬೇಕು ಎಂದು ಬಾಯಿಯವರಿಗೆ ಗೊತ್ತಿಲ್ಲದೆ ಇಲ್ಲ. ಆದರೆ ಅರವತ್ತು ಮಕ್ಕಳಿಗೆ ಎಷ್ಟು ಶ್ರುತಿ ಹಿಡಿಯಲು ಸಾಧ್ಯ? ಆದ್ದರಿಂದ ಮೇಲಿನ ಷಡ್ಜ ಮುಟ್ಟದ ಹುಡುಗರ ಹೆಸರಿನ ಮುಂದೆ 'ಶಿಸ್ತು ಸಾಲದು' ಎಂಬ ಷರಾ ಬೀಳುತ್ತದೆ.

ಹಾಡದಿದ್ದರೂ ತೊಂದರೆಯಿಲ್ಲ, ಏಕೆಂದರೆ ಪರೀಕ್ಷೆ ಇರುವುದು ಕಾಗದದ ಮೇಲೆ. ಭೂಪ ರಾಗದಲ್ಲಿ ವರ್ಜ್ಯ ಸ್ವರಗಳು ಯಾವುವು? ಎರಡು ಅಂಕ. ಮಧ್ಯಮ, ನಿಷಾದ ಎಂದು ಇಡೀ ತರಗತಿ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತದೆ. ಬಿಡಬೇಕಾದ ಎರಡು ಸ್ವರ ಎಲ್ಲರಿಗೂ ಬಾಯಿಪಾಠ. ಉಳಿದ ಐದು ಕಿವಿಗೆ ಬಿದ್ದವರು ಯಾರೂ ಇಲ್ಲ. ತೀನತಾಲದ ಖಾಲಿ, ಅಂದರೆ ಪೆಟ್ಟು ಬಿಡುವ ಜಾಗ, ಎಷ್ಟನೇ ಮಾತ್ರೆಗೆ? ಇನ್ನೊಂದು ಅಂಕ.

ಈ ಒಂದು ಅಂಕ ಕಳೆದುಕೊಂಡವನು ನಮ್ಮ ಮೇಲಿನ ಮಹಡಿಯ ಹುಡುಗ, ಬೆಳಗಾವಿಯವರ ಮಗ. ಆಷಾಢ ಕಾಲಿಟ್ಟರೆ ಸಾಕು, ಅವನು ಸಂಜೆಗೆ ಮುಠಾ ನದಿಯ ದಂಡೆಯಲ್ಲಿರುತ್ತಾನೆ. ಗಣೇಶೋತ್ಸವದ ಢೋಲ್-ತಾಶಾ ಪಥಕದಲ್ಲಿ, ಅಂದರೆ ಮೆರವಣಿಗೆಯ ವಾದ್ಯತಂಡದಲ್ಲಿ, ತಾಶಾ ಎಂಬ ಸಣ್ಣ ಚರ್ಮವಾದ್ಯ ಬಾರಿಸುತ್ತಾನೆ. ಐವತ್ತು ಢೋಲುಗಳು ಒಂದಾಗಿ ಗುಡುಗುವಾಗ ಅವುಗಳ ಲಯ ತಪ್ಪದಂತೆ ಹಿಡಿದು ನಡೆಸುವುದು ಆ ತೆಳ್ಳಗಿನ ಎರಡು ಕಡ್ಡಿಗಳು. ಒಂದು ಮಾತ್ರೆ ಜಾರಿದರೂ ಮೆರವಣಿಗೆಯ ಕಾಲು ತೊಡರುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಅವನು ಒಂಬತ್ತರ ಬದಲು ಎಂಟು ಎಂದು ಬರೆದ. 'ತಾಲಜ್ಞಾನ ಸುಧಾರಿಸಬೇಕು' ಎಂದು ಪ್ರಗತಿಪತ್ರದಲ್ಲಿ ಬಂತು. ಬೆಂಚಿನ ಮೇಲೆ ಎರಡು ಪೆನ್ಸಿಲುಗಳಿಂದ ತಾಲ ಸುಧಾರಿಸಿಕೊಳ್ಳುತ್ತಿದ್ದಾಗ ಗಣಿತದ ಸರ್ ಪೆನ್ಸಿಲು ಕಸಿದುಕೊಂಡರು. ಆ ಪೀರಿಯಡ್ಡು ಯಾವುದೆಂದು ಹೇಳಬೇಕಾಗಿಲ್ಲ.

ಸಿ.ಬಿ.ಎಸ್.ಇ. ಶಾಲೆಗಳ ಮಜಾ ಬೇರೆ. ಅಲ್ಲಿ ಕಲೆಯನ್ನು ಪಾಠದೊಳಗೆ ಬೆರೆಸಿದ ಪ್ರಾಜೆಕ್ಟ್ ಕಡ್ಡಾಯ. ರಾಜ್ಯ ರಾಜ್ಯಗಳನ್ನು ಜೋಡಿಸುವ 'ಏಕ್ ಭಾರತ್ ಶ್ರೇಷ್ಠ ಭಾರತ್' ಯೋಜನೆಯಲ್ಲಿ ಮಹಾರಾಷ್ಟ್ರಕ್ಕೆ ಜೋಡಿ ಒಡಿಶಾ. ಹಾಗಾಗಿ ಬೆರೆಯಬೇಕಾದ ಕಲೆಯೂ ಅಲ್ಲಿಯದು. ನಮ್ಮ ಎದುರು ಮನೆಯ ಧಾರವಾಡದ ತಾಯಿಯೊಬ್ಬರು ರಾತ್ರಿ ಹನ್ನೊಂದಕ್ಕೆ ಕಾರ್ಡ್‌ಬೋರ್ಡ್ ಸುತ್ತಿ ಒಡಿಸ್ಸಿ ನೃತ್ಯದ ಮದ್ದಳೆಯಾದ ಮರ್ದಳ ಮಾಡುತ್ತಿದ್ದರು. ಸಿಲಿಂಡರಿನ ಘನಫಲ ಎಂಬ ಪಾಠಕ್ಕೆ ಅದು ಕಲಾಸ್ಪರ್ಶ. ಕನ್ನಡದ ಮನೆ, ಮರಾಠಿ ಊರು, ಒಡಿಶಾದ ವಾದ್ಯ, ಇಂಗ್ಲಿಷ್ ಗಣಿತ: ರಾಷ್ಟ್ರೀಯ ಭಾವೈಕ್ಯವನ್ನು ಇಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ. ಅಂಚಿಗೆ ಜರಿಯ ಕಾಗದ ಅಂಟಿಸುತ್ತಿದ್ದಾಗ ಮಗಳು ಕೇಳಿದಳು:

"ಅಮ್ಮಾ, ಇದನ್ನು ಬಾರಿಸಿದರೆ ಸದ್ದು ಬರುತ್ತದೆಯೇ?"

"ಮುಟ್ಟಬೇಡ, ಗೋಂದು ಇನ್ನೂ ಹಸಿ ಇದೆ."

ಹತ್ತಕ್ಕೆ ಹತ್ತು ಅಂಕ ಬಂತು. ಅಚ್ಚುಕಟ್ಟಿಗೆ.

ರಾಜ್ಯ ಮಂಡಳಿಯ ಶಾಲೆಗಳಲ್ಲಿ ಪಾಲಕರ ಕಣ್ಣು ಇನ್ನೂ ದೂರ ನೆಟ್ಟಿದೆ. ಶಾಸ್ತ್ರೀಯ ಸಂಗೀತದ ಪರೀಕ್ಷೆಗಳನ್ನು ದಾಟಿದ ವಿದ್ಯಾರ್ಥಿಗೆ ಹತ್ತನೇ ತರಗತಿಯಲ್ಲಿ ಹೆಚ್ಚುವರಿ ಅಂಕ ಸಿಗುತ್ತದೆ ಎಂದು ಗೊತ್ತಾದ ಮೇಲೆ ಆರನೇ ತರಗತಿಯಿಂದಲೇ ಲೆಕ್ಕಾಚಾರ ಶುರು. ಪ್ರಾರಂಭಿಕ, ಪ್ರವೇಶಿಕಾ ಪ್ರಥಮ, ಪ್ರವೇಶಿಕಾ ಪೂರ್ಣ, ಮಧ್ಯಮಾ ಎಂದು ಅಪ್ಪಂದಿರು ಬೆರಳು ಮಡಚುತ್ತಾರೆ. "ಗುರುಗಳೇ, ಒಂದು ವರ್ಷದಲ್ಲಿ ಎರಡು ಮುಗಿಸಬಹುದೇ?" ಎಂದು ಕೇಳುತ್ತಾರೆ. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದದ್ದು ಸಂಗೀತವನ್ನು ದರಬಾರಿನಿಂದ ಹೊರತಂದು ಎಲ್ಲರ ಮಕ್ಕಳಿಗೂ ಮುಟ್ಟಿಸಲು. ಅದೀಗ ಎಲ್ಲರ ಅಂಕಪಟ್ಟಿಗೂ ಮುಟ್ಟಿದೆ.

ಗದಗಿನ ಭೀಮಸೇನ ಜೋಶಿಯವರು ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟದ್ದು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ. ಸರಿಯಾಗಿ ಆರನೇ ತರಗತಿಯ ವಯಸ್ಸು. ಈಗಿನ ಕಾಲವಾಗಿದ್ದರೆ ಹಾಜರಿ ಕಡಿಮೆಯೆಂದು ಮೂರನೇ ದಿನಕ್ಕೆ ಪಾಲಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೋಟಿಸು ಬರುತ್ತಿತ್ತು. ಕುಂದಗೋಳದಲ್ಲಿ ಗುರುಗಳ ಮನೆಗೆ ನೀರು ಹೊತ್ತದ್ದಕ್ಕೆ ಯಾವ ಪ್ರಮಾಣಪತ್ರ ತೋರಿಸುತ್ತಿದ್ದರೋ! ಮುಂದೆ ಅವರು ಗುರು ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಇದೇ ಪುಣೆಯಲ್ಲಿ ಮಹೋತ್ಸವ ಶುರುಮಾಡಿದರು. ಗುರುವೂ ಶಿಷ್ಯನೂ ನಮ್ಮ ಕಡೆಯವರು ಎಂದು ಡಿಸೆಂಬರಿನಲ್ಲಿ ನಾವು ಇಲ್ಲಿಯ ಕನ್ನಡಿಗರು ಎದೆ ಉಬ್ಬಿಸಿಕೊಂಡು ತಿರುಗುವುದುಂಟು. ಬಹುಕಾಲ ಅದು ನಡೆದದ್ದು ರಮಣಬಾಗದ ಶಾಲೆಯ ಮೈದಾನದಲ್ಲಿ. ಪುಣೆಯ ಶಾಲೆಗಳಲ್ಲಿ ಒಳ್ಳೆಯ ಸಂಗೀತ ಕೇಳಿಸುವುದಿಲ್ಲ ಎಂದು ದೂರುವವರಿಗೆ ಇದೇ ಉತ್ತರ. ಕೇಳಿಸಿದೆ, ಮಕ್ಕಳು ಮನೆಗೆ ಹೋದ ಮೇಲೆ, ಟಿಕೆಟ್ ಕೊಂಡವರಿಗೆ.

ಆ ಮಹೋತ್ಸವಕ್ಕೂ ಈಗ ಒಂದು ಸಂಕಟವಿದೆ. ಮೊದಲು ಬೆಳಗಾಗುವವರೆಗೆ ನಡೆಯುತ್ತಿದ್ದ ಕಛೇರಿಗಳು ಧ್ವನಿವರ್ಧಕದ ನಿಯಮ ಬಂದ ಮೇಲೆ ರಾತ್ರಿ ಹತ್ತಾಗುತ್ತಲೇ ಗಡಿಯಾರ ನೋಡುವಂತಾಗಿವೆ. ನಮ್ಮ ಶಾಲೆಯ ಪದ್ಧತಿ ಹಿಡಿದರೆ ಈ ತಂಟೆಯೇ ಇರುವುದಿಲ್ಲ. ಗಾಯಕರು ವೇದಿಕೆಗೆ ಬಂದು ನಮಸ್ಕರಿಸಿ, ರಾಗದ ವಾದಿ, ಸಂವಾದಿ, ವರ್ಜ್ಯ ಸ್ವರಗಳನ್ನು ಕಪ್ಪುಹಲಗೆಯ ಮೇಲೆ ಬರೆಯಲಿ. ತಬಲಾದವರು ಬಿಟ್ಟ ಸ್ಥಳ ತುಂಬಲಿ. ಹಾರ್ಮೋನಿಯಂನವರು ತಮ್ಮ ವಾದ್ಯದ ಕ್ರಮಾಂಕ ಓದಿ ಹೇಳಲಿ. ಸೂರ್ಯೋದಯದವರೆಗೆ ಬರೆದರೂ ಯಾವ ಪೊಲೀಸನೂ ಬರುವುದಿಲ್ಲ. ಹಾಡುವುದಿಲ್ಲವಲ್ಲ, ಟಿಕೆಟ್ ದರ ಇಳಿಸಿ ಎಂದು ಯಾರಾದರೂ ತಕರಾರು ತೆಗೆದರೆ ನಮ್ಮ ಮುಖ್ಯಾಧ್ಯಾಪಕಿಯವರ ಹತ್ತಿರ ಕಳುಹಿಸಿ. ಸಂಗೀತದ ಶುಲ್ಕದ ರಸೀದಿ ಪುಸ್ತಕ ಅವರ ಮೇಜಿನ ಮೇಲೆಯೇ ಇರುತ್ತದೆ.